ನೊನ್ನಾ ಮನೆಯ ಆದಿತ್ಯವಾರದ ಊಟ



ಕಳೆದ ಸಲ ರಜೆಯಲ್ಲಿ ಊರಿಗೆ ಬಂದಿದ್ದಾಗ, ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಮ್ಮಲ್ಲಿ ಕೆಲವರು ನಮ್ಮನ್ನು ನಿಲ್ಲಿಸಿ, "ಅಕ್ಕಾ, ಇಟೆಲಿಯ ಬಗ್ಗೆ ನಮಗೆ ಏನಾದರೂ ಬರೆದುಕೊಡಿ" ಎಂದು ಕೇಳಿದ್ದಿರಿ. ನೀವು ಕೇಳಿದ್ದು ಬಹುಶಃ ರೋಮ್, ವೆನಿಸ್, ಪೀಸಾದ ವಾಲಿದ ಗೋಪುರದ ಬಗ್ಗೆ. ಅವನ್ನೆಲ್ಲ ನಾವೂ ಒಂದೊಂದು ಸಲ ನೋಡಿದ್ದೇವೆ, ಫೋಟೊ ತೆಗೆದಿದ್ದೇವೆ. ಆದರೆ ನಾವು ಇಟೆಲಿಯನ್ನು ಹೆಚ್ಚಾಗಿ ನೋಡಿದ್ದು ಒಂದು ಅಡುಗೆಮನೆಯೊಳಗಿಂದ. ಆದ್ದರಿಂದ ಅದನ್ನೇ ಬರೆಯುತ್ತೇವೆ. ಬರೆಯುವಾಗ ನಮ್ಮ ತಪ್ಪೂ ಹೊರಗೆ ಬರುತ್ತದೆ, ಬರಲಿ.

ನಾವು ಅಕ್ಕ ತಂಗಿ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವರು. ಇಟೆಲಿಯ ಉತ್ತರದಲ್ಲಿ, ಮೊದೆನಾ ಮತ್ತು ಬೊಲೊನ್ಯಾ ಎಂಬ ಎರಡು ಪಟ್ಟಣಗಳ ನಡುವಿನ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇವೆ. ಅಲ್ಲಿ ಈ ಕೆಲಸದವರನ್ನು 'ಬದಾಂತೆ' ಎನ್ನುತ್ತಾರೆ. ನಿಗಾ ಇಟ್ಟು ನೋಡಿಕೊಳ್ಳುವವರು ಎಂದು ಅರ್ಥ. ಅಕ್ಕ ಇರುವುದು 84 ವರ್ಷದ ಒಬ್ಬ ಅಜ್ಜಿಯ ಮನೆಯಲ್ಲಿ. ತಂಗಿ ಎರಡು ಬೀದಿ ಆಚೆ ಒಬ್ಬ ವೃದ್ಧ ದಂಪತಿಯ ಮನೆಯಲ್ಲಿ. ಅಜ್ಜಿಗೆ ಆ ಭಾಷೆಯಲ್ಲಿ 'ನೊನ್ನಾ' ಎನ್ನುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ. ಹೆಸರು ಬರೆಯುವುದಿಲ್ಲ, ಬರೆಯುವುದು ಸರಿಯೂ ಅಲ್ಲ.

ನೊನ್ನಾಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಇಬ್ಬರು ಹೆಣ್ಣುಮಕ್ಕಳು. ಹಿರಿಮಗಳು ಅದೇ ಊರಿನಲ್ಲಿ ಇದ್ದಾರೆ. ದಿನಾ ಸಂಜೆ ಬಂದು ಔಷಧಿ, ತರಕಾರಿ, ಬ್ಯಾಂಕಿನ ಕಾಗದ ಎಲ್ಲವನ್ನೂ ನೋಡಿ ಹೋಗುತ್ತಾರೆ. ಕಿರಿಮಗಳು ಮಿಲಾನಿನಲ್ಲಿ ದೊಡ್ಡ ಕೆಲಸದಲ್ಲಿದ್ದಾರೆ. ತಿಂಗಳಿಗೆ ಎರಡು ಆದಿತ್ಯವಾರ ಗಂಡನನ್ನೂ ಮಗನನ್ನೂ ಕರೆದುಕೊಂಡು ಬರುತ್ತಾರೆ.

ಆದಿತ್ಯವಾರದ ಊಟ ಎಂದರೆ ಆ ಮನೆಗೆ ಒಂದು ಸಣ್ಣ ಹಬ್ಬ. ನೊನ್ನಾ ಬೆಳಿಗ್ಗೆ ಟಿವಿಯಲ್ಲಿ ಪೂಜೆ ನೋಡುತ್ತಾರೆ. 12 ಗಂಟೆಗೆ ಪೋಪ್ ಅವರು ವ್ಯಾಟಿಕನ್ನಿನ ಕಿಟಕಿಯಲ್ಲಿ ನಿಂತು ಪ್ರಾರ್ಥನೆ ಹೇಳುವುದನ್ನು ಕೇಳಿ ಶಿಲುಬೆಯ ಗುರುತು ಹಾಕುತ್ತಾರೆ. ಒಲೆಯ ಮೇಲೆ ಮಾಂಸದ ಸಾರು ಬೆಳಿಗ್ಗೆಯಿಂದಲೇ ಸಣ್ಣ ಉರಿಯಲ್ಲಿ ಇರುತ್ತದೆ. ಒಂದು ಗಂಟೆಗೆ ಎಲ್ಲರೂ ಮೇಜಿಗೆ ಬರಬೇಕು. ಬರುವವರು ಬರಿಗೈಯಲ್ಲಿ ಬರುವಂತಿಲ್ಲ. ಬೇಕರಿಯಿಂದ ಸಣ್ಣ ಸಣ್ಣ ಸಿಹಿತಿಂಡಿಗಳನ್ನು ಕಾಗದದಲ್ಲಿ ಸುತ್ತಿಸಿ, ರಿಬ್ಬನ್ ಕಟ್ಟಿಸಿ ತರುತ್ತಾರೆ.

ನಮ್ಮ ಹಾಗೆ ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸುವುದಿಲ್ಲ. ಮೊದಲು 'ಪ್ರೀಮೋ', ಅಂದರೆ ಪಾಸ್ತಾ ಅಥವಾ ಸಾರು. ಅದು ಮುಗಿದ ಮೇಲೆ 'ಸೆಕೊಂದೋ', ಅಂದರೆ ಮಾಂಸ. ಜೊತೆಗೆ ತರಕಾರಿ. ಆಮೇಲೆ ಹಣ್ಣು, ಸಿಹಿ, ಕೊನೆಗೆ ಹಾಲಿಲ್ಲದ ಕಪ್ಪು ಕಾಫಿ. ದೊಡ್ಡವರಿಗೆ ಕಾಫಿಯ ಮೇಲೆ ಒಂದು ಗುಟುಕು 'ನೊಚೀನೋ'. ಅದು ಎಳೆಯ ಹಸಿರು ವಾಲ್ನಟ್ ಕಾಯಿಯಿಂದ ಮಾಡುವ ಕಪ್ಪು ಪಾನೀಯ. ಆ ಕಾಯಿಯನ್ನು ಜೂನ್ 24ರ ಸಂತ ಯೊವಾನ್ನರ ಹಬ್ಬದ ಹೊತ್ತಿಗೆ ಕೊಯ್ಯುವುದು ಅಲ್ಲಿನ ಪದ್ಧತಿ. ಊಟ ಮುಗಿಯುವಾಗ ಗಂಟೆ ಮೂರೂವರೆ.

ಇಷ್ಟು ಹೊತ್ತು ಒಂದೇ ಮೇಜಿನಲ್ಲಿ ಕುಳಿತರೆ ಪ್ರೀತಿ ಬೆಳೆಯುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಬೆಳೆಯುವುದು ಹೌದು. ಆದರೆ ಇಡೀ ವಾರ ಮುಚ್ಚಿಟ್ಟ ಮಾತೂ ಅಲ್ಲಿಯೇ ಹೊರಗೆ ಬೀಳುತ್ತದೆ.

ನಮ್ಮ ಕೆಲಸದ ಒಪ್ಪಂದದ ಪ್ರಕಾರ ಮನೆಯಲ್ಲೇ ಉಳಿದು ಕೆಲಸ ಮಾಡುವವರಿಗೆ ವಾರಕ್ಕೆ 36 ಗಂಟೆ ಬಿಡುವು. ಅದರಲ್ಲಿ 24 ಗಂಟೆ ಆದಿತ್ಯವಾರ. ಅಂದರೆ ಆ ಊಟದ ದಿನ ನಾವು ಆ ಮನೆಯಲ್ಲಿ ಇರಲೇಬೇಕೆಂದಿಲ್ಲ. ಮೊದಮೊದಲು ಅಕ್ಕ ಪೂಜೆ ಮುಗಿಸಿಕೊಂಡು ತಂಗಿಯ ಜೊತೆ ಪಾರ್ಕಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಕುಳಿತು ಬ್ರೆಡ್ಡು ತಿಂದು ದಿನ ಕಳೆಯುತ್ತಿದ್ದಳು. ಚಳಿಗಾಲ ಬಂದಾಗ ನೊನ್ನಾ ಕೇಳಿದರು, "ಈ ಮಂಜಿನಲ್ಲಿ ಎಲ್ಲಿಗೆ ಹೋಗುತ್ತೀಯ? ತಂಗಿಯನ್ನೂ ಕರೆದುಕೊಂಡು ಬಾ. ಎರಡು ತಟ್ಟೆ ಹೆಚ್ಚಾದರೆ ಮೇಜು ಮುರಿಯುವುದಿಲ್ಲ." ಹಾಗೆ ನಾವಿಬ್ಬರೂ ಆ ಮೇಜಿಗೆ ಬಂದೆವು. ಕೆಲಸದವರಾಗಿ ಅಲ್ಲ, ಅತಿಥಿಗಳಾಗಿ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಆ ಸೀಮೆಯ ಹೆಮ್ಮೆಯ ತಿಂಡಿ ತೊರ್ತೆಲ್ಲಿನಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಹಾಳೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಒಳಗೆ ಕಡಲೆಕಾಳಿನಷ್ಟು ಹೂರಣ ಇಟ್ಟು, ಬೆರಳಿಗೆ ಸುತ್ತಿ ಉಂಗುರದ ಹಾಗೆ ಮಡಿಸುವುದು. ಹೂರಣ ಎಂದರೆ ಸಿಹಿಯಲ್ಲ. ಹಂದಿಮಾಂಸ, ಉಪ್ಪು ಹಾಕಿ ಒಣಗಿಸಿದ ಹಂದಿತೊಡೆ, ಮೊರ್ತಾದೆಲ್ಲಾ ಎಂಬ ಸಾಸೇಜ್, ಪಾರ್ಮಿಜಾನೋ ಚೀಸ್, ಮೊಟ್ಟೆ, ಸ್ವಲ್ಪ ಜಾಯಿಕಾಯಿ. ಇದನ್ನು ಮಾಂಸದ ತಿಳಿಸಾರಿನಲ್ಲಿ ಬೇಯಿಸಿ ಅದರಲ್ಲೇ ಬಡಿಸುತ್ತಾರೆ.

ಇದು ನಮ್ಮದು ಎಂದು ಬೊಲೊನ್ಯಾದವರು, ಅಲ್ಲ ನಮ್ಮದು ಎಂದು ಮೊದೆನಾದವರು. ಬೊಲೊನ್ಯಾದವರಂತೂ 1974ರಲ್ಲಿ ಈ ಹೂರಣದ ಅಳತೆಯನ್ನು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿಯೇ ಬಿಟ್ಟಿದ್ದಾರೆ. ನೊನ್ನಾ ಮೊದೆನಾ ಕಡೆಯವರು, ಮಿಲಾನಿನ ಅಳಿಯ ಹುಟ್ಟಿದ್ದು ಬೊಲೊನ್ಯಾದಲ್ಲಿ. ಆದ್ದರಿಂದ ಪ್ರತಿ ಸಲವೂ ಈ ವಾದ ಇದ್ದದ್ದೇ. ಅವರಿಬ್ಬರೂ ನಗುತ್ತಲೇ ಜಗಳವಾಡುತ್ತಿದ್ದರು. ಎರಡು ಊರುಗಳಿಗೂ 1325ರಲ್ಲಿ ಯುದ್ಧವಾಗಿ, ಮೊದೆನಾದವರು ಬೊಲೊನ್ಯಾದಿಂದ ಒಂದು ಮರದ ಬಕೆಟ್ ಹೊತ್ತು ತಂದರಂತೆ. ಅದನ್ನು ಇಂದಿಗೂ ಕೊಟ್ಟಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದಾರೆ. "ಬಕೆಟ್ ವಾಪಸು ಕೊಡಿ, ಆಮೇಲೆ ತೊರ್ತೆಲ್ಲಿನಿಯ ಮಾತು" ಎಂದು ಅಳಿಯ ಹೇಳಿದರೆ ನೊನ್ನಾ ಕೋಲು ಎತ್ತಿ ತೋರಿಸುವರು. ನಾವು ಇದನ್ನು ನೋಡಿ ನಗುತ್ತಿದ್ದೆವು. ಒಂದು ಬಕೆಟಿಗಾಗಿ ಏಳುನೂರು ವರ್ಷ ಹಟ ಹಿಡಿಯುವವರು ಉಂಟಾ ಎಂದು ನಮ್ಮಲ್ಲೇ ಮಾತಾಡಿಕೊಂಡೆವು. ಉಂಟು ಎಂಬುದು ಆಮೇಲೆ ಗೊತ್ತಾಯಿತು.

ನೊನ್ನಾಗೆ ಈಗ ನಿಂತುಕೊಂಡು ಹಿಟ್ಟು ಲಟ್ಟಿಸಲು ಆಗುವುದಿಲ್ಲ. ಅಂಗಡಿಯ ತೊರ್ತೆಲ್ಲಿನಿ ತಿನ್ನಲು ಮನಸ್ಸಿಲ್ಲ. ಒಂದು ದಿನ ಅಕ್ಕನನ್ನು ಕರೆದು ಹಲಗೆಯ ಮುಂದೆ ನಿಲ್ಲಿಸಿದರು. 100 ಗ್ರಾಂ ಮೈದಾಹಿಟ್ಟಿಗೆ ಒಂದು ಮೊಟ್ಟೆ. ನೀರಿಲ್ಲ, ಎಣ್ಣೆ ಇಲ್ಲ. ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಅರ್ಧ ಗಂಟೆ ಮುಚ್ಚಿಡಬೇಕು, ಆಮೇಲೆ ಲಟ್ಟಿಸಬೇಕು. ಅವರ ಲಟ್ಟಣಿಗೆಯ ಹೆಸರು 'ಮತ್ತರೆಲ್ಲೋ'. ನಮ್ಮ ಚಪಾತಿಯ ಲಟ್ಟಣಿಗೆಯ ಹಾಗೆ ಗಿಡ್ಡವಲ್ಲ, ಸುಮಾರು ಒಂದು ಮೀಟರ್ ಉದ್ದ. ಹಿಟ್ಟನ್ನು ಅದಕ್ಕೇ ಸುತ್ತಿ, ಎಳೆದು, ತಿರುಗಿಸಿ, ಇಡೀ ಹಲಗೆಯಗಲ ಹಾಳೆ ಮಾಡಬೇಕು. ಬೊಲೊನ್ಯಾದ ಹೊರಗೆ ಗುಡ್ಡದ ಮೇಲೆ ಸಂತ ಲೂಕರ ಹೆಸರಿನ ಮರಿಯಮ್ಮನವರ ಪುಣ್ಯಕ್ಷೇತ್ರ ಇದೆ, 666 ಕಮಾನುಗಳ ಸಾಲಿನ ಕೆಳಗೆ ನಡೆದು ಹತ್ತಬೇಕು. ಹಿಟ್ಟಿನ ಹಾಳೆಯನ್ನು ಎತ್ತಿ ಹಿಡಿದರೆ ಅದರೊಳಗಿಂದ ಆ ಗುಡ್ಡದ ಇಗರ್ಜಿ ಕಾಣಬೇಕು ಎಂದು ಅಲ್ಲಿಯವರು ಹೇಳುವುದುಂಟು. ಅಷ್ಟು ತೆಳ್ಳಗೆ.

ಅಕ್ಕನಿಗೆ ಮೂರು ತಿಂಗಳಲ್ಲಿ ಕೈ ಕುದುರಿತು. ಊರಲ್ಲಿ ಚಪಾತಿ ಲಟ್ಟಿಸಿ ಅಭ್ಯಾಸವಿತ್ತು ಎಂದು ಇರಬಹುದು. ತಂಗಿಯ ಕೈ ಭಾರ ಎಂದು ನೊನ್ನಾ ಅವಳನ್ನು ಮಡಿಸುವ ಕೆಲಸಕ್ಕೆ ಕೂರಿಸಿದರು. ಅದಕ್ಕೆ ಅವಳು ಒಂದು ವಾರ ಅಕ್ಕನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ.

ನವೆಂಬರಿನ ಒಂದು ಆದಿತ್ಯವಾರ. ಹೊರಗೆ ದಟ್ಟ ಮಂಜು. ಎಲ್ಲರೂ ಬಂದಿದ್ದರು. ತೊರ್ತೆಲ್ಲಿನಿ ಬಡಿಸಿದೆವು. ಅಳಿಯ ಎರಡು ಚಮಚ ತಿಂದು, "ಇದು ಯಾರು ಮಾಡಿದ್ದು? ಮೊದೆನಾದವರಿಗೆ ಇಷ್ಟು ತೆಳ್ಳಗೆ ಮಾಡಲು ಬರುವುದಿಲ್ಲವಲ್ಲ" ಎಂದು ತಮಾಷೆ ಮಾಡಿದರು. ನೊನ್ನಾ ಅಕ್ಕನ ಕಡೆ ಕೈ ತೋರಿಸಿ, "ಇವಳು. ಇವಳ ಕೈ ನೋಡಿದರೆ ನನ್ನ ತಾಯಿಯ ಕೈ ನೋಡಿದ ಹಾಗೆ ಆಗುತ್ತದೆ. ನಾನು ಸತ್ತ ಮೇಲೆ ನನ್ನ ಮತ್ತರೆಲ್ಲೋ ಇವಳಿಗೇ" ಎಂದರು.

ಹಿರಿಮಗಳು ಚಮಚ ಕೆಳಗಿಟ್ಟರು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಮಗಳು, "ದಿನಾ ಬರುವವಳು ನಾನು. ನಿನ್ನ ಬಾಯಿಂದ ಇಂಥ ಒಂದು ಮಾತು ನನಗೆ ಎಂದಾದರೂ ಬಂದಿದೆಯಾ ಅಮ್ಮ?" ಎಂದು ಕೇಳಿದರು. ಕಿರಿಮಗಳು, "ಅಕ್ಕಾ, ಒಂದು ಲಟ್ಟಣಿಗೆಗೆ ಇಷ್ಟೆಲ್ಲ ಯಾಕೆ?" ಎಂದರು. ಅದು ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. "ನೀನು ತಿಂಗಳಿಗೆ ಎರಡು ಸಲ ಸಿಹಿತಿಂಡಿ ಹಿಡಿದುಕೊಂಡು ಬರುವವಳು, ನಿನಗೆ ಏನು ಗೊತ್ತು" ಎಂದು ಅವರು. "ನನ್ನನ್ನು ದೂರ ಓದಿಸಲು ಕಳಿಸಿದ್ದು ಯಾರು, ನಾನೇ ಹೋದೆನಾ" ಎಂದು ಇವರು. ಮಾತು ಎಲ್ಲೆಲ್ಲೋ ಹೋಗಿ ಮನೆಯ ಮೇಲೆ ಬಂತು. "ಇವತ್ತು ಲಟ್ಟಣಿಗೆ, ನಾಳೆ ಈ ಮನೆಯನ್ನೂ ಇವರಿಗೇ ಬರೆದುಕೊಡು" ಎಂದು ಹಿರಿಮಗಳು ನಮ್ಮ ಮುಖ ನೋಡದೆ ಹೇಳಿದರು.

ಅಳಿಯ ಸಮಾಧಾನ ಮಾಡಲು ಹೋಗಿ ಕಾನೂನು ಹೇಳಿದರು. ಅಲ್ಲಿ ಗಂಡನಿಲ್ಲದ ತಾಯಿಗೆ ಇಬ್ಬರೋ ಹೆಚ್ಚೋ ಮಕ್ಕಳಿದ್ದರೆ ಆಸ್ತಿಯಲ್ಲಿ ಮೂರನೇ ಎರಡು ಪಾಲು ಮಕ್ಕಳಿಗೇ ಮೀಸಲು. ಉಯಿಲು ಬರೆದರೂ ಅದನ್ನು ತಪ್ಪಿಸಲು ಆಗದು. "ಹೆದರಬೇಕಾಗಿಲ್ಲ" ಎಂದರು ಅವರು. ಯಾರು ಹೆದರಿದ್ದು ಆಸ್ತಿಗಾಗಿ? ಆದರೆ ಆ ಹೊತ್ತಿಗೆ ಎಲ್ಲರೂ ಆಸ್ತಿಯ ಬಗ್ಗೆಯೇ ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದರು. ನೊನ್ನಾ ಮಾತ್ರ, "ಸಾರು ತಣಿಯುತ್ತದೆ, ತಿನ್ನಿ" ಎಂದು ಎರಡು ಸಲ ಹೇಳಿ ಸುಮ್ಮನಾದರು.

ನಾವು ಎದ್ದು ಅಡುಗೆಮನೆಗೆ ಹೋದೆವು. ಸ್ವಲ್ಪ ಹೊತ್ತಿನಲ್ಲಿ ಹಿರಿಮಗಳು ಬಂದು ಬಾಗಿಲಲ್ಲೇ ನಿಂತು, "ಆದಿತ್ಯವಾರ ನಿಮಗೆ ರಜೆ ಅಲ್ಲವಾ? ನೀವು ಹೊರಗೆ ಹೋಗಿ ಬಂದರೆ ಎಲ್ಲರಿಗೂ ಒಳ್ಳೆಯದು" ಎಂದರು. ಗಟ್ಟಿ ದನಿಯಲ್ಲಿ ಹೇಳಲಿಲ್ಲ. ಮೆಲ್ಲಗೇ ಹೇಳಿದರು. ಅದೇ ಹೆಚ್ಚು ನೋಯಿಸಿತು.

ನಾವು ಕೋಟು ಹಾಕಿಕೊಂಡು ಹೊರಟೆವು. ಆದಿತ್ಯವಾರ ಮಧ್ಯಾಹ್ನ ಅಲ್ಲಿಯ ಸಣ್ಣ ಊರುಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಪ್ರತಿ ಮನೆಯ ಕಿಟಕಿಯೊಳಗಿಂದ ತಟ್ಟೆಗಳ ಸದ್ದು ಕೇಳುತ್ತದೆ. ನಾವು ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತೆವು. ಸಿಟ್ಟು, ಅವಮಾನ. ಅವರ ತಾಯಿಗೆ ಸ್ನಾನ ಮಾಡಿಸುವವಳು ಅಕ್ಕ, ರಾತ್ರಿ ಮೂರು ಸಲ ಏಳುವವಳು ಅಕ್ಕ, ಕೊನೆಗೆ ಮನೆ ಕಿತ್ತುಕೊಳ್ಳಲು ಬಂದವಳೂ ಅಕ್ಕನೇ. ಬೇರೆ ಮನೆ ಹುಡುಕೋಣ ಎಂದು ನಿಶ್ಚಯ ಮಾಡಿದೆವು.

ಮನಸ್ಸು ಹಗುರ ಮಾಡಿಕೊಳ್ಳಲು ಊರಿಗೆ ವಿಡಿಯೊ ಕಾಲ್ ಮಾಡಿದೆವು. ಅಲ್ಲಿ ಮೂರು ಗಂಟೆ ಎಂದರೆ ಊರಲ್ಲಿ ಸಂಜೆ ಏಳೂವರೆ. ಅಮ್ಮ ಜಪಮಾಲೆ ಮುಗಿಸಿ ಊಟಕ್ಕೆ ಕುಳಿತಿದ್ದರು. ತಟ್ಟೆಯಲ್ಲಿ ಸಾನ್ನ, ಹಂದಿ ಬಾಫತ್. "ಎಂಥ ಮೃದು ಗೊತ್ತುಂಟಾ ಮಕ್ಕಳೇ, ಇವಳ ಕೈಯ ಸಾನ್ನ ಈಗ ನನ್ನದಕ್ಕಿಂತ ಚೆನ್ನಾಗಿ ಬರ್ತದೆ" ಎಂದು ಅತ್ತಿಗೆಯನ್ನು ತೋರಿಸಿದರು. ಅತ್ತಿಗೆ ನಾಚಿಕೊಂಡು ಒಳಗೆ ಹೋದರು.

ನಮ್ಮಿಬ್ಬರ ಮುಖವೂ ಬಾಡಿತು. ಒಬ್ಬರ ಮುಖ ಒಬ್ಬರು ನೋಡಿದೆವು. ಫೋನ್ ಇಟ್ಟ ಮೇಲೆ ತಂಗಿ ಹೇಳಿದಳು, "ಅಕ್ಕಾ, ನೀನು ಈಗ ಚಮಚ ಕೆಳಗಿಟ್ಟ ಹಾಗೆ ಮಾಡಿದೆ."

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಅಣ್ಣ ಅತ್ತಿಗೆಯ ಜೊತೆ ಇದ್ದಾರೆ. ಎರಡು ವರ್ಷದ ಹಿಂದೆ ನಾವು ರಜೆಯಲ್ಲಿ ಬಂದಾಗ ಅಡುಗೆಮನೆಯಲ್ಲಿ ಅಮ್ಮನ ಕಡೆಯುವ ಕಲ್ಲು ಇರಲಿಲ್ಲ. ಹಿತ್ತಲಲ್ಲಿ ಹಲಸಿನ ಮರದ ಬುಡದಲ್ಲಿ ಮಳೆಗೆ ಪಾಚಿ ಹಿಡಿದು ಬಿದ್ದಿತ್ತು. ನಾವು ಸಣ್ಣವರಿದ್ದಾಗ ಶನಿವಾರ ಸಂಜೆ ಅಮ್ಮ ಆ ಕಲ್ಲಿನಲ್ಲಿ ಸಾನ್ನದ ಹಿಟ್ಟು ಕಡೆಯುವಾಗ ನಾವು ಎದುರು ಕೂತು ಅಕ್ಕಿ ದೂಡುತ್ತಿದ್ದೆವು. ಅದರ ಜಾಗದಲ್ಲಿ ಈಗ ಗ್ರೈಂಡರ್. "ಅಮ್ಮನ ಕಲ್ಲನ್ನು ಹೊರಗೆ ಹಾಕಲು ಇವರು ಯಾರು? ನಾಳೆ ಅಮ್ಮನನ್ನೂ ಹೀಗೆಯೇ ಹೊರಗೆ ಹಾಕುತ್ತಾರೆ" ಎಂದು ನಾವು ಅಣ್ಣನ ಹತ್ತಿರ ಹೇಳಿದೆವು, ಅತ್ತಿಗೆಗೆ ಕೇಳುವ ಹಾಗೆಯೇ. ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಫೋನಿನಲ್ಲಿ ಅತ್ತಿಗೆಯ ಹತ್ತಿರ 'ಹೇಗಿದ್ದೀರಿ, ಊಟ ಆಯಿತಾ' ಎಂಬಷ್ಟೇ ಮಾತು.

ಆ ಬೆಂಚಿನಲ್ಲಿ ಕುಳಿತು ನಾವು ಲೆಕ್ಕ ಹಾಕಿದೆವು. ನೊನ್ನಾ ಮನೆಯಲ್ಲಿ ನಾವು ಹೊರಗಿನವರು. ದಿನಾ ಹತ್ತಿರ ಇದ್ದು ಸೇವೆ ಮಾಡುವವರು. ಹಕ್ಕಿರುವ ಮಕ್ಕಳು ನಮ್ಮನ್ನು ಸಂಶಯದಿಂದ ನೋಡಿದರೆ ನಮಗೆ ನೋವು. ಊರಿನ ಮನೆಯಲ್ಲಿ ಹಕ್ಕಿರುವ ಮಕ್ಕಳು ನಾವು. ಅಲ್ಲಿ ದಿನಾ ಹತ್ತಿರ ಇದ್ದು ಸೇವೆ ಮಾಡುವವರು ಅತ್ತಿಗೆ. ಅವರನ್ನು ಸಂಶಯದಿಂದ ನೋಡಿದವರು ನಾವೇ. ನಾವು ಕಳಿಸುವ ಹಣದ ಮೇಲೆ ನಮಗೆ ಎಷ್ಟು ಭರವಸೆ ಇತ್ತೆಂದರೆ, ಅದಕ್ಕೆ ಬದಲಾಗಿ ಅಮ್ಮನ ಬಾಯಿಯ ಒಳ್ಳೆಯ ಮಾತೆಲ್ಲ ನಮಗೇ ಸಲ್ಲಬೇಕು ಎಂದುಕೊಂಡಿದ್ದೆವು.

ಬೇರೆ ಮನೆ ಹುಡುಕುವ ಮಾತು ಅಲ್ಲಿಗೇ ನಿಂತಿತು. ಹಿರಿಮಗಳ ಮೇಲಿನ ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳು. ಆದರೆ ಅವರು ಚಮಚ ಕೆಳಗಿಟ್ಟದ್ದು ಯಾಕೆಂದು ನಮಗೆ ಅರ್ಥವಾಗತೊಡಗಿತ್ತು.

ಮುಂದಿನ ಬುಧವಾರ ಸಂಜೆ ಹಿರಿಮಗಳು ಔಷಧಿ ತಂದಾಗ ಅಕ್ಕ ಹಲಗೆಯ ಮುಂದೆ ಇದ್ದಳು. ತಂಗಿಯೂ ಬಂದಿದ್ದಳು. ಏನು ಹೇಳಬೇಕೆಂದು ಗೊತ್ತಾಗದೆ ಅಕ್ಕ ಮತ್ತರೆಲ್ಲೋ ಅವರ ಕಡೆ ಚಾಚಿ, "ಸಿನ್ಯೋರಾ, ಇದು ನಿಮ್ಮ ಮನೆಯದು. ನೀವೇ ಲಟ್ಟಿಸಿ, ನಾನು ಹಿಟ್ಟು ನಾದಿ ಕೊಡುತ್ತೇನೆ" ಎಂದಳು. ಅವರು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನನಗೆ ಬರುವುದಿಲ್ಲ" ಎಂದರು.

ನಮಗೆ ನಂಬಿಕೆ ಆಗಲಿಲ್ಲ. ಆ ಸೀಮೆಯ ಹೆಂಗಸು, 60 ದಾಟಿದವರು, ಇದು ಬರುವುದಿಲ್ಲವಾ? ಆಗ ಅವರು ನಿಂತಲ್ಲೇ ಹೇಳಿದರು. 15 ವರ್ಷಕ್ಕೆ ಶಾಲೆ ಬಿಟ್ಟು ಕಾರ್ಪಿ ಎಂಬ ಊರಿನ ಸ್ವೆಟರ್ ಹೆಣೆಯುವ ಕಾರ್ಖಾನೆಗೆ ಸೇರಿದರಂತೆ. ಕಾರ್ಪಿ ಹೆಣಿಗೆಯ ಬಟ್ಟೆಗೆ ಹೆಸರಾದ ಊರು, ಆಗ ಸಾವಿರಾರು ಹೆಂಗಸರು ಆ ಕೆಲಸದಲ್ಲಿದ್ದರು. ಬೆಳಿಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬರುವುದು. ಸಂಬಳ ತಾಯಿಯ ಕೈಗೆ. ಅದರಲ್ಲಿ ತಂಗಿಯ ಓದು. ಶನಿವಾರ ತಾಯಿ ಹಿಟ್ಟು ಲಟ್ಟಿಸುವಾಗ ಇವರು ಕಾರ್ಖಾನೆಯಲ್ಲಿ ಇರುತ್ತಿದ್ದರು. ಮನೆಗೆ ಬರುವಾಗ ಹಲಗೆ ತೊಳೆದು ಗೋಡೆಗೆ ಒರಗಿಸಿ ಆಗಿರುತ್ತಿತ್ತು. "ಎಲ್ಲರೂ ಕೇಳುತ್ತಾರೆ, ನಿನ್ನ ತಾಯಿ ಅಷ್ಟು ಚೆನ್ನಾಗಿ ಮಾಡುತ್ತಾರಲ್ಲ, ನೀನು ಕಲಿಯಲಿಲ್ಲವಾ ಎಂದು. ನನಗೆ ಕಲಿಸಲಿಲ್ಲ. ನಿನ್ನೆ ಬಂದ ನಿನಗೆ ಕಲಿಸಿದರು."

ನೊನ್ನಾ ಪಕ್ಕದ ಕೋಣೆಯಲ್ಲಿ ಕುಳಿತಿದ್ದರು. ಕಿವಿ ಮಂದ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೋಲು ಊರಿಕೊಂಡು ಬಂದು ಕುರ್ಚಿಯಲ್ಲಿ ಕುಳಿತು, "ದಣಿದು ಬರುತ್ತಿದ್ದೆ. ನಿನಗೆ ಮತ್ತೊಂದು ಕೆಲಸ ಹಚ್ಚುವುದು ಬೇಡ ಎಂದುಕೊಂಡೆ. ನೀನು ಕೇಳಲೂ ಇಲ್ಲ" ಎಂದರು. ಮಗಳು, "ಕೇಳಬೇಕಿತ್ತಾ?" ಎಂದರು. ತಾಯಿ ಏನೂ ಹೇಳಲಿಲ್ಲ. ಕೈ ಚಾಚಿ ಮಗಳ ಕೋಟಿನ ಗುಂಡಿ ಬಿಚ್ಚಿ, "ಕೈ ತೊಳೆದುಕೊಂಡು ಬಾ" ಎಂದರು.

ಅಂದಿನ ಹಾಳೆ ಎರಡು ಕಡೆ ಹರಿಯಿತು. ಆಕಾರ ಯಾವುದೋ ದೇಶದ ನಕ್ಷೆಯ ಹಾಗೆ ಇತ್ತು. ನೊನ್ನಾ ನಕ್ಕರು, ಮಗಳೂ ನಕ್ಕರು, ನಾವು ಮಾತ್ರ ನಗಲು ಹೆದರಿ ಸುಮ್ಮನೆ ನಿಂತೆವು. ಹರಿದ ಹಿಟ್ಟನ್ನು ಸಣ್ಣ ಚೂರು ಮಾಡಿ ಬೇಳೆಯ ಸಾರಿಗೆ ಹಾಕಿ ಅಂದು ರಾತ್ರಿ ನಾಲ್ವರೂ ತಿಂದೆವು.

ಇದರಿಂದ ಎಲ್ಲವೂ ಸರಿಹೋಯಿತು ಎಂದು ತಿಳಿಯಬೇಡಿ. ಆ ಜಗಳದ ನಂತರ ಕಿರಿಮಗಳು ಎರಡು ಸಲ ಬರಬೇಕಾದಲ್ಲಿ ಬರಲಿಲ್ಲ. ಅವರಿಗೂ ಒಂದು ಹೊಟ್ಟೆಉರಿ ಇತ್ತು. ಹತ್ತಿರ ಇದ್ದ ಅಕ್ಕನಿಗೆ ತಾಯಿ ದಿನಾ ಸಿಕ್ಕಿದರು, ತನಗೆ ಸಿಕ್ಕಿದ್ದು ಬರೇ ಓದು ಎಂದು. ಮನೆಯ ಪಾಲಿನ ಮಾತು ಈಗಲೂ ಮುಗಿದಿಲ್ಲ. ಹಿರಿಮಗಳು ಆ ದಿನ ಹೇಳಿದ ಮಾತಿಗೆ ನಮ್ಮಲ್ಲಿ ಕ್ಷಮೆ ಕೇಳಿಲ್ಲ. ಆದರೆ ಮರುವಾರ ಅವರೇ ಫೋನ್ ಮಾಡಿ, "ಆದಿತ್ಯವಾರ ಇಬ್ಬರೂ ಇರುತ್ತೀರಿ ತಾನೇ?" ಎಂದು ಕೇಳಿದರು. ಅಷ್ಟು ಸಾಕಾಯಿತು.

ಕ್ರಿಸ್ಮಸ್ ದಿನ ಆ ಸೀಮೆಯಲ್ಲಿ ತೊರ್ತೆಲ್ಲಿನಿ ಇಲ್ಲದ ಮನೆ ಇರುವುದು ಕಡಿಮೆ. ಅದರ ಹಿಂದಿನ ಶನಿವಾರ ನೊನ್ನಾ ಕಿರಿಮಗಳಿಗೆ ಸ್ವತಃ ಫೋನ್ ಮಾಡಿ, "ತಿನ್ನಲು ಬೇಡ, ಮಾಡಲು ಬಾ" ಎಂದರು. ಅವರು ಮಗನ ಜೊತೆ ಬಂದರು. ಅಳಿಯನೂ ಬಂದರು. ಹಿರಿಮಗಳು ಲಟ್ಟಿಸಿದರು, ಅಕ್ಕ ಕತ್ತರಿಸಿದಳು, ಕಿರಿಮಗಳು ಹೂರಣ ಇಟ್ಟರು, ತಂಗಿಯೂ ಹುಡುಗನೂ ಮಡಿಸಿದರು. ಬೊಲೊನ್ಯಾದ ಅಳಿಯ ಮಾತ್ರ ಗಾತ್ರ ದೊಡ್ಡದಾಯಿತು ಎಂದು ಪ್ರತಿಯೊಂದನ್ನೂ ಟೀಕೆ ಮಾಡುತ್ತಾ ಹೂರಣ ಕದ್ದು ತಿಂದರು. ಒಬ್ಬೊಬ್ಬರ ತಟ್ಟೆಗೆ ನಲವತ್ತು ಐವತ್ತು ಬೇಕಾಗುತ್ತದೆ. ಎಣಿಸಿ ಎಣಿಸಿ ಬಟ್ಟೆಯ ಮೇಲೆ ಹರಡಿದೆವು. ಕೆಲಸ ಮುಗಿದ ಮೇಲೆ ನೊನ್ನಾ ಮತ್ತರೆಲ್ಲೋವನ್ನು ಒರೆಸಿಸಿ ಅಡುಗೆಮನೆಯ ಗೋಡೆಯ ಮೊಳೆಗೆ ತೂಗುಹಾಕಿಸಿದರು. "ಯಾರಿಗೂ ಕೊಡುವುದಿಲ್ಲ. ಇಲ್ಲೇ ಇರಲಿ. ಯಾರು ಬರುತ್ತಾರೋ ಅವರು ತೆಗೆದುಕೊಳ್ಳಲಿ" ಎಂದರು.

ಇನ್ನು ನಮ್ಮ ಮನೆಯ ಮಾತು. ಕ್ರಿಸ್ಮಸ್ ದಿನ ನಾವು ಫೋನ್ ಮಾಡಿದ್ದು ಅಮ್ಮನಿಗಲ್ಲ, ಅತ್ತಿಗೆಗೆ. ಏನೋ ಅನಾಹುತ ಆಗಿದೆ ಎಂದು ಅವರು ಮೊದಲು ಗಾಬರಿಯಾದರು. ನಾವು ಕಲ್ಲಿನ ವಿಷಯ ಎತ್ತಿ, ಅಂದು ಹಾಗೆ ಹೇಳಬಾರದಿತ್ತು ಅತ್ತಿಗೆ, ತಪ್ಪಾಯಿತು ಎಂದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಅತ್ತೆಗೆ ಭುಜ ನೋವು ಜೋರಾಗಿತ್ತು. ಡಾಕ್ಟರು ಕಡೆಯಲೇ ಬಾರದು ಅಂದಿದ್ರು. ಕಲ್ಲು ಕಣ್ಣೆದುರು ಇದ್ರೆ ಇವರು ಕೂರುವುದೇ. ಗ್ರೈಂಡರಿನ ಹಿಟ್ಟು ಆಗುವುದಿಲ್ಲ ಅಂತ ನಾನು ಮಲಗಿದ ಮೇಲೆ ಎದ್ದು ಕಡೆದದ್ದೂ ಉಂಟು. ಅದಕ್ಕೆ ಹೊರಗೆ ಇಡಿಸಿದೆ. ನಿಮ್ಮ ಹತ್ತಿರ ಹೇಳಿದ್ರೆ ಅಲ್ಲಿ ದೂರದಲ್ಲಿ ಕೂತು ಹೆದರ್ತೀರಿ ಅಂತ ಹೇಳಲಿಲ್ಲ."

ನಮಗೆ ಮಾತು ಬರಲಿಲ್ಲ. ಅವರೇ ಮುಂದುವರಿಸಿ, "ನೀವು ಬಂದಾಗ ಅತ್ತೆ ನಿಮ್ಮ ಜೊತೆಗೇ ಇರ್ತಾರೆ. ನಾನು ಒಳಗೆ ಅಡುಗೆ ಮಾಡ್ತಾ ಇರ್ತೇನೆ. ನಿಮ್ಮ ನಗು ಕೇಳುವಾಗ ನನಗೂ ಒಂಥರಾ ಆಗ್ತದೆ" ಎಂದರು. ಇಷ್ಟು ವರ್ಷ ನಾವು ಅವರನ್ನು ಅಸೂಯೆಯಿಂದ ನೋಡುತ್ತಿದ್ದಾಗ, ಅವರೂ ನಮ್ಮನ್ನು ಹಾಗೆಯೇ ನೋಡುತ್ತಿದ್ದರು. ನಡುವೆ ಅಮ್ಮ, ಎರಡೂ ಕಡೆಯವರನ್ನು ಪ್ರೀತಿಸುತ್ತಾ ಏನೂ ಗೊತ್ತಿಲ್ಲದೆ ಸಾನ್ನ ತಿನ್ನುತ್ತಿದ್ದರು. ಅಥವಾ ಅವರಿಗೂ ಎಲ್ಲ ಗೊತ್ತಿತ್ತೋ ಏನೋ.

ಮಿತ್ರರೇ, ತಪ್ಪಿಹೋದ ಮಗನ ಕತೆ ನಾವೆಲ್ಲ ಇಗರ್ಜಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದೂ ಒಂದು ಊಟದ ಕತೆಯೇ. ನಾವು ಸಾಮಾನ್ಯವಾಗಿ ತಿರುಗಿ ಬಂದ ಕಿರಿಯ ಮಗನನ್ನು ನೆನಪಿಡುತ್ತೇವೆ. ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಹೊಲದಿಂದ ದಣಿದು ಬಂದ ಹಿರಿಯ ಮಗ ಒಳಗೆ ಹಬ್ಬದ ಸದ್ದು ಕೇಳಿ ಹೊರಗೇ ನಿಲ್ಲುತ್ತಾನೆ. ತಂದೆ ಊಟ ಬಿಟ್ಟು ಎದ್ದು ಅವನ ಹತ್ತಿರ ಹೊರಗೆ ಬರುತ್ತಾನೆ. ಆ ಮಗ ಒಳಗೆ ಹೋದನೋ ಇಲ್ಲವೋ ಎಂದು ಅಲ್ಲಿ ಬರೆದಿಲ್ಲ. ಕಾರ್ಖಾನೆಯಿಂದ ಬಂದು ತೊಳೆದಿಟ್ಟ ಹಲಗೆ ನೋಡುತ್ತಿದ್ದ ಹಿರಿಮಗಳನ್ನು ಕಂಡ ಮೇಲೆ ನಮಗೆ ಆ ಭಾಗ ಬೇರೆಯೇ ರೀತಿ ಕೇಳಿಸುತ್ತದೆ.

ಈ ಆದಿತ್ಯವಾರ ನಿಮ್ಮ ಮನೆಯಲ್ಲೂ ಊಟ ಇರುತ್ತದೆ. ಅಕ್ಕನ ಸಾರು ಚೆನ್ನಾಗಿದೆ ಎಂದು ಅಮ್ಮ ಹೊಗಳುವಾಗ ಯಾರಾದರೂ ಸುಮ್ಮನಾದರೆ, "ನಿನಗೆ ಯಾಕೆ ಹೊಟ್ಟೆಉರಿ" ಎಂದು ತಮಾಷೆ ಮಾಡಬೇಡಿ. ಅವರನ್ನು ಕರೆದು ಒಂದು ಕೆಲಸ ಕೊಡಿ. ತೆಂಗಿನಕಾಯಿ ತುರಿಯಲಿ, ತಟ್ಟೆ ಇಡಲಿ. ಸುಮ್ಮನಾದವರು ನೀವೇ ಆದರೆ, ಕರೆಯಲಿ ಎಂದು ಕಾಯಬೇಡಿ, ಹೋಗಿ ಕೇಳಿ.

ಮೇ ತಿಂಗಳಲ್ಲಿ ನಾವು ಊರಿಗೆ ಬರುತ್ತಿದ್ದೇವೆ. ಅತ್ತಿಗೆಗೆ ತೊರ್ತೆಲ್ಲಿನಿ ಮಾಡಿ ತೋರಿಸಬೇಕಂತೆ. ಹೂರಣಕ್ಕೆ ಬಾಫತ್ ಪುಡಿ ಹಾಕಿ ನೋಡುವ ಎಂದು ಅವರು ಈಗಲೇ ಹೇಳಿದ್ದಾರೆ. ಮೊದೆನಾದವರಿಗೂ ಬೊಲೊನ್ಯಾದವರಿಗೂ ಇದು ಗೊತ್ತಾಗುವುದು ಬೇಡ.

ನಿಮ್ಮ ಇಬ್ಬರು ಅಕ್ಕಂದಿರು